ಮೋರಖಂಡಿಯ ಮನೆಗೆ ನಾನು ಹಚ್ಚಿದ ಪದ

ಹುಮನಾಬಾದಿನ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಆರು ಪಿರಿಯಡ್. ನನ್ನ ಇಂಗ್ಲಿಷ್ ಭಾಳ ಛಲೋ ಎಂದು ಈ ಎರಡೂ ಊರಿನ ಜನ ನಂಬಿದ್ದಾರೆ. ಅವರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ. ಬ್ಯಾಂಕಿನಿಂದ ಬಂದ ಪತ್ರ, ಡಾಕ್ಟರು ಕೊಟ್ಟ ಚೀಟಿ, ಮಗನ ಕಾಲೇಜಿನ ಅರ್ಜಿ ಹಿಡಿದುಕೊಂಡು ಓಣಿಯ ಜನ ನಮ್ಮ ಮನೆಗೆ ಬರುತ್ತಾರೆ. ಓದಿ ಹೇಳುವಾಗ ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಳ್ಳುತ್ತೇನೆ. ಅದರ ಅವಶ್ಯಕತೆ ಇಲ್ಲ, ಕನ್ನಡಕ ಮೇಲಿದ್ದರೂ ಅಕ್ಷರ ಕಾಣುತ್ತವೆ. ಅದು ನನ್ನ ಠೀವಿ.

ಹತ್ತನೇ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ನಾನು ಹೇಳಿಕೊಡುವ ಪದಗಳಲ್ಲಿ ಒಂದು ಸ್ಕ್ವಾಲಿಡ್. ತೀರಾ ಹೊಲಸಾದ, ಮನುಷ್ಯರು ಇರಲು ಯೋಗ್ಯವಲ್ಲದ ಜಾಗದ ಬಗ್ಗೆ ಹೇಳುವ ಗುಣವಾಚಕ. ಉದಾಹರಣೆಗೆ ಒಂದು ವಾಕ್ಯ ಕೊಡು ಎಂದರೆ ಮಕ್ಕಳು ಜೈಲಿನ ಬಗ್ಗೆ ಬರೆಯುತ್ತಾರೆ, ಕೊಳಗೇರಿಯ ಬಗ್ಗೆ ಬರೆಯುತ್ತಾರೆ, ಕೂಲಿಯವರ ಗುಡಿಸಲ ಬಗ್ಗೆ ಬರೆಯುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಮಗುವೂ ಸಾವುಕಾರನ ಬಂಗಲೆಯ ಬಗ್ಗೆ ಆ ಪದ ಹಾಕಿ ಬರೆದಿಲ್ಲ. ಬರೆದಿದ್ದರೆ ನಾನೇ ಕೆಂಪು ಗೆರೆ ಎಳೆಯುತ್ತಿದ್ದೆ. ಸಾವುಕಾರನ ಅಡುಗೆಮನೆಯಲ್ಲಿ ಜಿರಳೆ ಹರಿದಾಡಿದರೆ ಇಂಗ್ಲಿಷಿನಲ್ಲಿ ಅದಕ್ಕೆ ಬೇರೆ, ಮೆತ್ತಗಿನ ಪದಗಳಿವೆ. ನಮ್ಮ ಮಾತಿನಲ್ಲಿ ಹಾಗಲ್ಲ. ಗಲೀಜು ಯಾರ ಮನೆಯಲ್ಲಾದರೂ ಗಲೀಜೇ, ಗುಡಿಸಿದರೆ ಹೋಗುತ್ತದೆ. ರಾಡಿ ಮಳೆಯದು, ಬಿಸಿಲು ಬಿದ್ದರೆ ಒಣಗುತ್ತದೆ. ಹೊಲಸು ಎಂದರೆ ಎದುರಿಗಿದ್ದವರು ನಿನ್ನ ಮನೆ ಹೊಲಸು ಎಂದು ತಿರುಗಿ ಬೈಯುತ್ತಾರೆ. ಸ್ಕ್ವಾಲಿಡ್ ಎಂದರೆ ತಿರುಗಿ ಬೈಯುವವರಿಲ್ಲ. ಯಾರ ಮನೆಗೆ ಆ ಪದ ಹಚ್ಚುತ್ತೇವೋ ಅವರಿಗೆ ಅದನ್ನು ಓದಲು ಬರುವುದಿಲ್ಲ.

ಈಗ ಇಷ್ಟು ಚಂದ ಹೇಳುತ್ತಿದ್ದೇನೆ. ಬರೆಯುವಾಗ ಈ ಬುದ್ಧಿ ಇರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಅದು ನಮ್ಮಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ನಮ್ಮ ಓಣಿಯಲ್ಲಿ ಒಬ್ಬಳಿದ್ದಾಳೆ, ಮಕ್ಕಳ ಇಲಾಖೆಯಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಾಳೆ. ನಾನೇ ಕಲಿಸಿದ ಹುಡುಗಿ. ಮದುವೆಯಾಗಿ ಒಂದು ಕೂಸಿನ ತಾಯಿಯಾದರೂ ನನ್ನ ಕಣ್ಣಿಗೆ ಇನ್ನೂ ಮೂರನೇ ಬೆಂಚಿನವಳೇ. ತಂದೆತಾಯಿ ಇಲ್ಲದ ಮಕ್ಕಳನ್ನು ಸಾಕುತ್ತಿರುವ ಮನೆಗಳಿಗೆ ಸರ್ಕಾರದಿಂದ ತಿಂಗಳಿಗಿಷ್ಟು ಎಂದು ಸಹಾಯ ಬರುತ್ತದೆ. ಅದಕ್ಕೆ ಅರ್ಜಿ ಹಾಕಿದವರ ಮನೆಗೆ ಹೋಗಿ, ನೋಡಿ, ವರದಿ ಕೊಡುವುದು ಅವಳ ಕೆಲಸ. ದೀಪಾವಳಿ ಪಾಡ್ಯದ ಮರುದಿನ ಬೆಳಿಗ್ಗೆ ಅವಳು ನಮ್ಮ ಮನೆಗೆ ಬಂದಳು.

“ಅಕ್ಕೋರ, ಮೋರಖಂಡಿಗೆ ಒಂದು ಮನಿ ನೋಡಾಕ ಹೊಂಟೀನಿ. ಹೊಸಾ ಸಾಹೇಬ್ರು ಹೊರಗಿನವರ್ರಿ, ಅವರಿಗಿ ಕನ್ನಡ ಓದಾಕ ತ್ರಾಸ. ವರದಿ ಇಂಗ್ಲಿಷ್‌ನಾಗ ಬೇಕಂತಾರ. ನೀವು ಜೋಡಿ ಬಂದ್ರ ನೋಡಿ ಬರದು ಕೊಡ್ತೀರಿ.”

ಶಾಲೆಗೆ ರಜೆ ಇತ್ತು. ಕರೆದದ್ದೇ ತಡ, ನಾನು ಚಪ್ಪಲಿ ಮೆಟ್ಟಿದೆ. ಹೊರಡುವಾಗ ನಮ್ಮ ಹೊಸ್ತಿಲನ್ನು ಇಬ್ಬರೂ ಹುಷಾರಾಗಿ ದಾಟಿದೆವು. ಹಿಂದಿನ ದಿನ ಇಟ್ಟಿದ್ದ ಪಾಂಡವರು ಇನ್ನೂ ಅಲ್ಲೇ ಇದ್ದರು.

ಬೇರೆ ಕಡೆಯವರಿಗೆ ಇದನ್ನು ಹೇಳಬೇಕು. ನಮ್ಮ ಭಾಗದಲ್ಲಿ ಪಾಡ್ಯದ ದಿನ ಆಕಳ ಸಗಣಿಯಿಂದ ಮುಷ್ಟಿಯಷ್ಟು ದೊಡ್ಡ ಗೊಂಬೆ ಮಾಡುತ್ತಾರೆ. ಐದು ಮಾಡಿ ಪಾಂಡವರು ಎನ್ನುತ್ತಾರೆ. ತಲೆಗೆ ಉತ್ತರಾಣಿ ಕಡ್ಡಿ ಚುಚ್ಚಿ, ಚೆಂಡುಹೂ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮೇಲೊಂದಿಷ್ಟು ಹಾಲು ಮೊಸರು ಹಾಕುತ್ತಾರೆ. ಹೊಸ್ತಿಲಿಗೆ ಇಡುತ್ತಾರೆ, ಒಲೆಯ ಪಕ್ಕ ಇಡುತ್ತಾರೆ, ಕಾಳಿನ ಚೀಲದ ಹತ್ತಿರ ಇಡುತ್ತಾರೆ. ಕೆಲವರು ಮರುದಿನವೇ ತೆಗೆದು ಕುಳ್ಳು, ಅಂದರೆ ಬೆರಣಿ, ತಟ್ಟುತ್ತಾರೆ, ಕೆಲವರು ಮೂರು ದಿನ ಬಿಡುತ್ತಾರೆ. ನಮ್ಮದು ಅಂಗಡಿಕಾರರ ಮನೆತನ, ದನ ಇಲ್ಲ. ಸಗಣಿಯನ್ನು ಹಿಂದಿನ ಓಣಿಯಿಂದ ಕೇಳಿ ತರುತ್ತೇವೆ. ಆದರೂ ಒಂದು ವರ್ಷ ತಪ್ಪಿಸಿಲ್ಲ.

ಮೋರಖಂಡಿಯ ಆ ಮನೆ ಎರಡು ಭಾಗದ್ದು. ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಒಂದು ಆಕಳು, ಅದರ ಕರು. ಒಂದು ಮೆಟ್ಟಿಲು ಮೇಲೆ ಹತ್ತಿದರೆ ಮನುಷ್ಯರ ಜಾಗ. ಹಳೆಯ ಮನೆಗಳೆಲ್ಲ ಹೀಗೇ. ಅರ್ಜಿಯಲ್ಲಿದ್ದ ಹುಡುಗಿಗೆ ಹನ್ನೊಂದು ವರ್ಷ. ತಾಯಿ ಸತ್ತು ನಾಲ್ಕು ವರ್ಷ ಆಗಿತ್ತು, ತಂದೆ ಅದಕ್ಕೂ ಮುಂಚೆ ತೀರಿಹೋಗಿದ್ದ. ತಾಯಿಯ ಅಕ್ಕ, ಅಂದರೆ ದೊಡ್ಡವ್ವ, ಅವಳನ್ನು ಸಾಕುತ್ತಿದ್ದಳು. ದೊಡ್ಡವ್ವನಿಗೂ ಗಂಡ ಇಲ್ಲ, ಸ್ವಂತ ಮಕ್ಕಳಿಲ್ಲ. ಒಂದು ತುಂಡು ಹೊಲ, ಈ ಆಕಳು, ಉಳಿದಂತೆ ಕೂಲಿ. ನಲವತ್ತೈದರ ಆಸುಪಾಸಿನ, ಗಟ್ಟಿ ಮೈಯ, ಮಾತು ಕಡಿಮೆಯ ಹೆಂಗಸು.

“ಬರ್ರಿ ಅಕ್ಕೋರ, ಕೂಡ್ರಿ. ಮನಿ ನೋಡ್ಕೋರಿ. ನಮ್ಮದು ಮುಚ್ಚಿಡೋದು ಏನಿಲ್ರಿ.”

ನೋಡಿದೆ. ನೆಲ ಸಾರಿಸಿತ್ತು. ತಂಬಿಗೆ, ಕೊಡ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಎನ್ನುತ್ತಿದ್ದವು. ಗೂಟಕ್ಕೆ ಶಾಲೆಯ ಯೂನಿಫಾರ್ಮು ಮಡಿಕೆ ಮುರಿಯದಂತೆ ತೂಗುಹಾಕಿತ್ತು. ಒಂದು ಕಬ್ಬಿಣದ ಟ್ರಂಕಿನಲ್ಲಿ ಪುಸ್ತಕ, ಅದರ ಮೇಲೆ ಹಳೇ ಸೀರೆಯ ತುಂಡು ಹಾಸಿತ್ತು. ಮತ್ತೆ ಹೊಸ್ತಿಲಲ್ಲಿ, ಒಲೆಯ ಪಕ್ಕದಲ್ಲಿ, ಜೋಳದ ಚೀಲದ ಬದಿಗೆ ಪಾಂಡವರು. ಹಾಲು ಮೊಸರಿಗೆ ನೊಣ ಕೂತಿದ್ದವು. ಒಂದು ದಿನ ಕಳೆದಿದ್ದರಿಂದ ಸಗಣಿ ಅಂಚಿನಲ್ಲಿ ಬಿರಿದಿತ್ತು.

ವರದಿಗೆ ಫೋಟೋ ಬೇಕು. ಬಾಗಿಲು, ಅಡುಗೆ ಜಾಗ, ಮಲಗುವ ಜಾಗ, ಬಚ್ಚಲು. ಓಣಿಯವಳು ಮೊಬೈಲು ತೆಗೆದಾಗ ಹುಡುಗಿ ಓಡಿ ಬಂದಳು. ಬಿದ್ದಿದ್ದ ಒಂದು ಚೆಂಡುಹೂವನ್ನು ಪಾಂಡವನ ತಲೆಗೆ ಮತ್ತೆ ಸಿಕ್ಕಿಸಿ, ತಾನು ಪಕ್ಕಕ್ಕೆ ಸರಿದು ನಿಂತಳು.

“ಇವರೂ ಫೋಟೋದಾಗ ಬರಬೇಕ್ರಿ. ಎಲ್ಲಾ ನಾನೇ ಮಾಡೀನಿ. ದೊಡ್ಡವ್ವ ಬರೇ ಸಗಣಿ ಕೊಟ್ಟಾಳ.”

ಫೋಟೋದಲ್ಲಿ ಅವರೆಲ್ಲ ಬಂದರು. ನಾವು ಚಹಾ ಕುಡಿದೆವು, ಕರ್ಚಿಕಾಯಿ ತಿಂದೆವು. ಮಧ್ಯಾಹ್ನಕ್ಕೆ ವಾಪಸ್ಸು ಬಂದು ನಮ್ಮ ಮನೆಯ ಟೇಬಲ್ಲಿನ ಮುಂದೆ ಕೂತೆ. ಓಣಿಯವಳು ಎದುರಿಗೆ ಕೂತಳು.

ನಮೂನೆಯಲ್ಲಿ ‘ಮನೆಯ ಸ್ಥಿತಿ’ ಎಂದು ಒಂದು ಚೌಕ ಇತ್ತು. ಎರಡು ಸಾಲು ಹಿಡಿಯುವಷ್ಟು ಜಾಗ. ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡಿದ ಲೆಕ್ಕಾಚಾರವನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ನಮ್ಮ ಕಡೆ ಸರ್ಕಾರಕ್ಕೆ ಅರ್ಜಿ ಬರೆಯುವ ಒಂದು ಪದ್ಧತಿ ಇದೆ. ಅತ್ತಷ್ಟೂ ಸಿಗುತ್ತದೆ ಎಂಬುದು ಅದರ ಮೂಲಮಂತ್ರ. ಸೋರುವ ಮನೆಯನ್ನು ಬಿದ್ದ ಮನೆ ಎನ್ನುತ್ತೇವೆ, ಕೆಮ್ಮನ್ನು ಎದೆರೋಗ ಎನ್ನುತ್ತೇವೆ. ಬರೆಯುವವರಿಗೂ ಗೊತ್ತು, ಓದುವವರಿಗೂ ಗೊತ್ತು. ರೂಪಾಯಿಗೆ ಎಂಟಾಣೆ ಕಳೆದೇ ಓದುತ್ತಾರೆ. ನನ್ನ ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ಊರ ಜನರಿಗೆ ಇಂಥ ನೂರಾರು ಅರ್ಜಿ ಬರೆದುಕೊಟ್ಟವರು. ನಾನೂ ಹಾಗೇ ಮಾಡಿದೆ. ಮನೆ ಎಷ್ಟು ಕೆಟ್ಟದಾಗಿ ಕಂಡರೆ ಸಹಾಯ ಅಷ್ಟು ಬೇಗ ಮಂಜೂರಾಗುತ್ತದೆ ಎಂದುಕೊಂಡೆ. ಜೊತೆಗೆ, ಹೊರಗಿನಿಂದ ಬಂದ ಸಾಹೇಬರು ಈ ತಾಲೂಕಿನಲ್ಲೂ ಇಂಥ ಇಂಗ್ಲಿಷ್ ಬರೆಯುವವರಿದ್ದಾರೆ ಎಂದು ಬೆರಗಾಗಲಿ ಎಂಬ ಆಸೆಯೂ ಇತ್ತು.

ಮಗು ಸ್ಕ್ವಾಲಿಡ್ ಪರಿಸ್ಥಿತಿಯಲ್ಲಿ ಬದುಕುತ್ತಿದೆ ಎಂದು ಬರೆದೆ. ದನ ಮತ್ತು ಮನುಷ್ಯರು ಒಂದೇ ಸೂರಿನಡಿ ಇದ್ದಾರೆ, ಹೊಸ್ತಿಲಲ್ಲಿ ಮತ್ತು ಒಲೆಯ ಹತ್ತಿರ ಸಗಣಿಯ ಗುಪ್ಪೆಗಳು ಕಂಡುಬಂದವು, ಅವುಗಳ ಮೇಲೆ ನೊಣಗಳಿದ್ದವು ಎಂದು ಬರೆದೆ. ಪ್ರತಿ ಮಾತೂ ಖರೆ. ಪಾಂಡವರು ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಅದನ್ನು ವಿವರಿಸಲು ಅರ್ಧ ಪುಟ ಬೇಕು, ಚೌಕದಲ್ಲಿ ಉಳಿದದ್ದು ಅರ್ಧ ಸಾಲು.

ಶಾಲೆಯಲ್ಲಿ ಕಲಿತದ್ದನ್ನು ಮರೆತಿದ್ದ ಓಣಿಯವಳು ಸ್ಕ್ವಾಲಿಡ್ ಮೇಲೆ ಬೆರಳಿಟ್ಟು ಕೇಳಿದಳು, “ಈ ಶಬ್ದಕ್ಕ ಏನಂತಾರ್ರಿ ಅಕ್ಕೋರ?”

“ಭಾಳ ಬಡತನ ಅಂತ ತಿಳ್ಕೋ,” ಎಂದೆ.

ಅವಳು ಸಹಿ ಮಾಡಿ, ಕಾಗದವನ್ನು ಚೀಲದಲ್ಲಿಟ್ಟುಕೊಂಡು, ನಮ್ಮ ಪಾಂಡವರಿಗೆ ಕಾಲು ತಾಗದ ಹಾಗೆ ಸೀರೆ ಎತ್ತಿ ಹಿಡಿದು ಹೊಸ್ತಿಲು ದಾಟಿ ಹೋದಳು. ನಾನು ನೋಡುತ್ತಲೇ ಇದ್ದೆ. ನಮ್ಮ ಹೊಸ್ತಿಲಲ್ಲಿ ಇದ್ದವರು ಪಾಂಡವರು, ಆ ಮನೆಯ ಹೊಸ್ತಿಲಲ್ಲಿ ಇದ್ದದ್ದು ಸಗಣಿಯ ಗುಪ್ಪೆ. ಅಂಥ ಇಂಗ್ಲಿಷ್ ನನಗೆ ಬರುತ್ತಿತ್ತು.

ಇಪ್ಪತ್ತು ದಿನ ಕಳೆದಿರಬೇಕು. ಹುಮನಾಬಾದಿನಲ್ಲಿ ಊಟದ ಬಿಡುವಿನಲ್ಲಿ ಶಾಲೆಯ ಸಿಪಾಯಿ ಬಂದು, ಯಾರೋ ಹೆಣ್ಣುಮಗಳು ನಿಮ್ಮನ್ನು ಕೇಳುತ್ತಿದ್ದಾಳೆ ಎಂದ. ಗೇಟಿನ ಹತ್ತಿರ ದೊಡ್ಡವ್ವ ನಿಂತಿದ್ದಳು. ಮೋರಖಂಡಿಯಿಂದ ಬಸವಕಲ್ಯಾಣಕ್ಕೆ ಟಂಟಂ ಆಟೋ ಹಿಡಿದು, ಅಲ್ಲಿಂದ ಬಸ್ಸು ಹತ್ತಿ ಬಂದಿದ್ದಳು. ಸೆರಗಿನ ಒಳಗಿಂದ ಒಂದು ಕಾಗದ ತೆಗೆದಳು. ಬೆವರಿಗೆ ಮಡಿಕೆಗಳು ಒದ್ದೆಯಾಗಿದ್ದವು.

ನೋಟಿಸು ಕನ್ನಡದಲ್ಲಿತ್ತು, ಅದನ್ನು ಊರಿನಲ್ಲೇ ಯಾರೋ ಓದಿ ಹೇಳಿದ್ದರು. ಬರುವ ಸೋಮವಾರ ಮಕ್ಕಳ ಇಲಾಖೆಯ ಸಮಿತಿ ಬಸವಕಲ್ಯಾಣದಲ್ಲಿ ಕೂರುತ್ತದೆ, ಹುಡುಗಿಯನ್ನು ಕರೆದುಕೊಂಡು ಬರಬೇಕು, ಅವಳನ್ನು ಬೀದರಿನ ಸರ್ಕಾರಿ ಬಾಲಮಂದಿರಕ್ಕೆ ಸೇರಿಸುವ ವಿಚಾರವಿದೆ. ಅದರ ಹಿಂದೆ ಒಂದು ಇಂಗ್ಲಿಷ್ ಹಾಳೆ ಪಿನ್ ಮಾಡಿತ್ತು. ನನ್ನ ಹಾಳೆ.

“ನಾ ಕೇಳಿದ್ದು ಅಕೀ ಪುಸ್ತಕಕ್ಕ, ಬಟ್ಟಿಗಿ ಆಸರ ಆಗಲಿ ಅಂತ್ರಿ,” ಎಂದಳು ದೊಡ್ಡವ್ವ. “ಇವರು ಅಕೀನ್ನೇ ಒಯ್ತೀವಂತಾರ. ನಾ ಏನ್ ತಪ್ಪ ಮಾಡೀನಿ? ಈ ಇಂಗ್ಲಿಷ್‌ನಾಗ ಬರದಿರಬೇಕು. ಓದಿ ಹೇಳ್ರಿ.”

ನಾನು ಕನ್ನಡಕ ಸರಿ ಮಾಡಿಕೊಂಡೆ. ಆ ಪದದ ಕೆಳಗೆ ಯಾರೋ ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು. ಇಪ್ಪತ್ತು ದಿನಗಳ ಹಿಂದೆ ಆ ಗೆರೆ ನೋಡಿದ್ದರೆ ಮೆಚ್ಚಿಕೊಂಡಿದ್ದಾರೆ ಎಂದು ಹಿಗ್ಗುತ್ತಿದ್ದೆ.

“ಮನ್ಯಾಗ ದನ ಕಟ್ಟೀರಿ ಅಂತ ಬರದಾರ. ಸಗಣಿ ಅದ, ನೊಣ ಅವ ಅಂತ ಬರದಾರ.”

“ಯಾರು ಬರದಾರ್ರಿ? ಅವತ್ತ ಬಂದಾಕಿ ಛಲೋ ಹುಡುಗಿ ಇದ್ಳಲ್ಲ. ನೀವೂ ಇದ್ರಿ.”

ಆ ‘ನೀವೂ ಇದ್ರಿ’ಯಲ್ಲಿ ಸಂಶಯ ಇರಲಿಲ್ಲ, ಭರವಸೆ ಇತ್ತು. ನೀವಿದ್ದೂ ಹೀಗೇಕಾಯಿತು ಎಂದು ಕೇಳುತ್ತಿದ್ದಳು.

“ಆಫೀಸ್‌ನಾಗ ಯಾರರ ಬರದಿರ್ತಾರ್ರಿ,” ಎಂದೆ.

“ದನಾನೇ ಅಡ್ಡಿ ಆಗಿದ್ರ ಕಳಿಸಿಬಿಡ್ತೀನಿ. ದನ ಏನ್ ದೊಡ್ಡದು,” ಎಂದು ಕಾಗದ ಮಡಚಿ ಹೊರಟಳು. ಗಂಟೆ ಹೊಡೆಯಿತು. ನಾನು ಕ್ಲಾಸಿಗೆ ಹೋಗಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಒಂದು ಹುಡುಗಿ ಎದ್ದು ನಿಂತು, ಇದು ನಿನ್ನೆ ಆಗ್ಯದ್ರಿ ಅಕ್ಕೋರ ಎಂದದ್ದು ನೆನಪಿದೆ. ಅವಳನ್ನು ಬೈದು ಕೂರಿಸಿದೆ.

ಭಾನುವಾರ ಬೆಳಿಗ್ಗೆ ಓಣಿಯವಳು ಬಂದಳು. ಮುಖ ಬಾಡಿತ್ತು. ದೊಡ್ಡವ್ವ ಆಕಳನ್ನೂ ಕರುವನ್ನೂ ಗೋರ್ಟಾದಲ್ಲಿರುವ ತಮ್ಮನ ಮನೆಗೆ ಅಟ್ಟಿದ್ದಳಂತೆ. ಕರು ಇನ್ನೂ ಹಾಲು ಕುಡಿಯುವ ವಯಸ್ಸಿನದು. ಹುಡುಗಿ ಎರಡು ದಿನ ಉಣ್ಣಲಿಲ್ಲವಂತೆ. ಹಾಲು ಹಾಕಿಸಿಕೊಳ್ಳುತ್ತಿದ್ದ ಮೂರು ಮನೆಯವರು ಬೇರೆಯವರನ್ನು ಹುಡುಕಿಕೊಂಡರಂತೆ. ಇಷ್ಟು ಹೇಳಿ ಅವಳು ನನ್ನ ಕೈ ಹಿಡಿದುಕೊಂಡಳು.

“ಅಕ್ಕೋರ, ನಾಳಿಗಿ ಸಮಿತಿ ಮುಂದ ನಾನೂ ಇರಬೇಕು. ನೀವು ಬರದಿದ್ದು ಅಂತ ಎಲ್ಲೀ ಹೇಳಬ್ಯಾಡ್ರಿ. ಸಹಿ ನಂದದ. ಹೊರಗಿನವರ ಕಡಿಂದ ಬರಸೀನಿ ಅಂತ ಗೊತ್ತಾದ್ರ ನನ್ನ ತೆಗೀತಾರ. ಕೂಸ ಸಣ್ಣದದ್ರಿ.”

“ಹುಡುಗಿನ್ನ ಒಯ್ದ್ರ?”

“ಅಲ್ಲಿ ಊಟ ಬಟ್ಟಿ ಎಲ್ಲಾ ಛಲೋ ಅದರಿ. ಸಾಯಂಗಿಲ್ಲ ಅಕಿ.”

ಅವಳು ಕೆಟ್ಟವಳಲ್ಲ. ಹೆದರಿದವಳು. ಹೆದರಿಸಿದ್ದು ನಾನು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ದಿನವಿಡೀ ದಾರಿ ಹುಡುಕಿದೆ. ಸಾಹೇಬರಿಗೆ ಹೆಸರಿಲ್ಲದ ಪತ್ರ ಹಾಕಲೇ ಎಂದುಕೊಂಡೆ. ಯಾರಾದರೂ ವಕೀಲರ ಕಡೆಯಿಂದ ಹೇಳಿಸಲೇ ಎಂದುಕೊಂಡೆ. ಹಿಟ್ಟು ನಾದುತ್ತಾ ಅದೇ, ಬಟ್ಟೆ ಒಣಹಾಕುತ್ತಾ ಅದೇ. ಎಲ್ಲ ದಾರಿಯಲ್ಲೂ ಕೊನೆಗೆ ನಾನು ಬಚ್ಚಿಟ್ಟುಕೊಂಡೇ ಇರುತ್ತಿದ್ದೆ.

ಸೋಮವಾರ ರಜೆ ಹಾಕಿದೆ. ಸಮಿತಿ ಕೂತದ್ದು ಒಂದು ಸರ್ಕಾರಿ ಕಟ್ಟಡದ ಉದ್ದನೆಯ ಕೋಣೆಯಲ್ಲಿ. ಹೊರಗಿನ ಬೆಂಚಿನ ಮೇಲೆ ದೊಡ್ಡವ್ವ ಮತ್ತು ಹುಡುಗಿ ಕೂತಿದ್ದರು. ಹುಡುಗಿ ದೀಪಾವಳಿಗೆ ಕೊಡಿಸಿದ ಹಸಿರು ಫ್ರಾಕು ಹಾಕಿಕೊಂಡಿದ್ದಳು, ತಲೆಗೆ ಎಣ್ಣೆ ಸೋರುವಷ್ಟು ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿತ್ತು. ದೊಡ್ಡವ್ವನ ಕಾಲ ಬಳಿ ಒಂದು ಬಟ್ಟೆಯ ಗಂಟು. ಒಯ್ದೇಬಿಟ್ಟರೆ ಎಂದು ಹುಡುಗಿಯ ಬಟ್ಟೆ ಕಟ್ಟಿ ತಂದಿದ್ದಳು. ಅದನ್ನು ನೋಡಿದ ಮೇಲೆ ನನಗೆ ಕೂರಲಾಗಲಿಲ್ಲ. ಕರೆಯುವವರೆಗೂ ನಿಂತೇ ಇದ್ದೆ.

ಒಳಗೆ ಮೂವರಿದ್ದರು. ನಡುವೆ ಆ ಹೊಸ ಸಾಹೇಬರು, ನಲವತ್ತು ದಾಟದವರು. ಎಡಬಲಕ್ಕೆ ವಯಸ್ಸಾದ ಒಬ್ಬ ಹೆಂಗಸು, ಒಬ್ಬ ಗಂಡಸು. ಓಣಿಯವಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಯಾರು ಎಂದು ಕೇಳಿದ್ದಕ್ಕೆ ದೊಡ್ಡವ್ವನೇ ಹೇಳಿದಳು, “ಇವರು ನಮ್ಮ ಅಕ್ಕೋರ್ರಿ, ನಮ್ಮ ಪರವಾಗಿ ಬಂದಾರ.”

ಸಾಹೇಬರು ಪುಸ್ತಕದಲ್ಲಿ ಕಲಿತ ಕನ್ನಡದಲ್ಲಿ, ಒಂದೊಂದೇ ಶಬ್ದ ಬಿಡಿಸಿ ಮಾತಾಡುತ್ತಿದ್ದರು. ವರದಿಯನ್ನು ಎತ್ತಿ ಹಿಡಿದು ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರು. ನನ್ನ ಪದ ಆ ಕೋಣೆಯಲ್ಲಿ ಮೂವರಿಗೋ ನಾಲ್ವರಿಗೋ ತಿಳಿಯಿತು. ತಿಳಿಯಬೇಕಾದ ಇಬ್ಬರು ಸಾಹೇಬರ ಬಾಯಿಯನ್ನೇ ನೋಡುತ್ತಿದ್ದರು.

“ಮನೆಯಲ್ಲಿ ಸಗಣಿ ಇರುತ್ತದೆಯೇ?” ಎಂದು ಹುಡುಗಿಯನ್ನು ಕೇಳಿದರು.

“ಈಗಿಲ್ರಿ,” ಎಂದಳು ದೊಡ್ಡವ್ವ ಅವಸರದಿಂದ. “ಆಕಳಾ ಕಳಿಸೀನ್ರಿ.”

“ಮಗು ಹೇಳಲಿ.”

ಹುಡುಗಿ ಒಮ್ಮೆ ದೊಡ್ಡವ್ವನನ್ನು, ಒಮ್ಮೆ ಸಾಹೇಬರ ಕೈಯಲ್ಲಿದ್ದ ಫೋಟೋವನ್ನು ನೋಡಿದಳು. ತಾನು ಮಾಡಿದ್ದು ಅಲ್ಲಿ ಕಾಣಿಸುತ್ತಿತ್ತು. “ಹಬ್ಬದಾಗ ಇತ್ರಿ. ಹೊಸ್ತಿಲದಾಗ ಐದು, ಒಲಿ ಹಂತೇಲಿ ಐದು, ಚೀಲದ ಬಾಜೂಕ ಐದು. ನಾನೇ ಇಟ್ಟೀನ್ರಿ,” ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು. ಸಾಹೇಬರು ಏನನ್ನೋ ಬರೆದುಕೊಂಡರು. ಪಕ್ಕದ ಹಿರಿಯ ಹೆಂಗಸಿಗೆ ಅನುಮಾನ ಬಂದಂತೆ ಕಂಡಿತು, ಆದರೆ ಆಕೆ ಬಾಯಿ ತೆರೆಯುವ ಮೊದಲೇ ಸಾಹೇಬರು ಪುಟ ತಿರುವಿದರು.

ಓಣಿಯವಳು ನನ್ನನ್ನೇ ದಿಟ್ಟಿಸುತ್ತಿದ್ದಳು. ಅವಳ ಕೂಸು ನೆನಪಾಯಿತು. ಕಾಲ ಬಳಿಯ ಗಂಟೂ ಕಂಡಿತು.

“ಆ ವಾಕ್ಯ ನನ್ನದು,” ಎಂದೆ. “ಅವಳು ಕನ್ನಡದಲ್ಲಿ ಸರಿಯಾಗೇ ಹೇಳಿದ್ದಳು. ಇಂಗ್ಲಿಷಿನಲ್ಲಿ ಕೆಡಿಸಿದ್ದು ನಾನು.”

ಕೊನೆಯ ಮಾತು ಪೂರ್ತಿ ನಿಜವಲ್ಲ, ಓಣಿಯವಳು ಕನ್ನಡದಲ್ಲಿ ಏನನ್ನೂ ಹೇಳಿರಲಿಲ್ಲ. ಅವಳಿಗೆ ಅಷ್ಟಾದರೂ ಆಸರೆ ಇರಲಿ ಎಂದು ಹೇಳಿದೆ. ನಂತರ ಪಾಡ್ಯದ ಬಗ್ಗೆ, ಪಾಂಡವರ ಬಗ್ಗೆ, ಹಾಲು ಮೊಸರಿನ ಬಗ್ಗೆ ಹೇಳಿದೆ. ಅದೇ ದಿನ ನಮ್ಮ ಮನೆಯ ಹೊಸ್ತಿಲಲ್ಲೂ ಐದು ಇದ್ದವು, ಅವುಗಳನ್ನು ದಾಟಿ ಹೋಗಿ ಬಂದು ಇದನ್ನು ಬರೆದೆ ಎಂದೆ. ಹಿರಿಯ ಹೆಂಗಸು ಹೌದು ಎಂದು ತಲೆ ಆಡಿಸಿದಳು, ನಮ್ಮ ಮನೆಯಲ್ಲೂ ಇಡುತ್ತೇವೆ ಎಂದಳು. ಸಾಹೇಬರು ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಮೇಡಂ, ಈ ಪದ ಓದಿದ ಮೇಲೆ ನಾನು ಮಗುವನ್ನು ಅಲ್ಲಿಯೇ ಬಿಟ್ಟಿದ್ದರೆ, ನಾಳೆ ಏನಾದರೂ ಆದರೆ, ಅದು ನನ್ನ ತಪ್ಪು. ಇದು ಬಡತನದ ಪದ ಅಲ್ಲ. ಇದನ್ನು ಬರೆದವರು, ಇಲ್ಲಿಂದ ಮಗುವನ್ನು ಹೊರಗೆ ತೆಗೆಯಿರಿ ಎಂದು ಹೇಳುತ್ತಾರೆ. ನೀವು ಇಂಗ್ಲಿಷ್ ಶಿಕ್ಷಕಿ. ನಿಮಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ತು,” ಎಂದೆ. “ಸಹಾಯ ಬೇಗ ಸಿಗಲಿ ಅಂತ ಬರೆದೆ.”

“ಮನೆ ನಿಜವಾಗಿ ಹೇಗಿತ್ತು?”

“ಸ್ವಚ್ಛ ಇತ್ತು.” ಇಷ್ಟು ಸಣ್ಣ ಮಾತು. ಚೌಕದ ಎರಡು ಸಾಲಿನಲ್ಲಿ ಜಾಗ ಉಳಿಯುತ್ತಿತ್ತು.

ನಮ್ಮನ್ನು ಹೊರಗೆ ಕಳಿಸಿದರು. ಮುಕ್ಕಾಲು ಗಂಟೆ. ಹುಡುಗಿ ಬೆಂಚಿನ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ, ನಡುವೆ ದೊಡ್ಡವ್ವ ಮತ್ತು ಆ ಗಂಟು. ದೊಡ್ಡವ್ವ ಒಳಗೆ ನಡೆದದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಶಾಲೆಯ ಗೇಟಿನಲ್ಲಿ ನಾನು ಹೇಳಿದ ಸುಳ್ಳೂ ಅವಳಿಗೆ ಈಗ ಗೊತ್ತಾಗಿತ್ತು. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಗಂಟಿನ ಗಂಟನ್ನು ಬಿಚ್ಚುವುದು, ಮತ್ತೆ ಬಿಗಿಯುವುದು ಮಾಡುತ್ತಿದ್ದಳು.

ಕೊನೆಗೆ ಒಳಗೆ ಕರೆದು ಹೇಳಿದರು. ಮಗು ದೊಡ್ಡವ್ವನ ಹತ್ತಿರವೇ ಇರಲಿ. ಹಳೆಯ ವರದಿ ರದ್ದು, ಬೇರೆಯವರು ಬಂದು ಮನೆ ನೋಡುತ್ತಾರೆ. ಸಹಾಯದ ವಿಷಯ ಅದಾದ ಮೇಲೆ. ಓಣಿಯವಳಿಗೆ ಕಾರಣ ಕೇಳಿ ನೋಟಿಸು. ಅವಳ ಕೆಲಸ ಆಮೇಲೆ ಉಳಿಯಿತು, ಆದರೆ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಎದುರಿಗೆ ಸಿಕ್ಕರೆ ಕೂಸಿನ ಟೋಪಿ ಸರಿಮಾಡುತ್ತಾ ಹೋಗಿಬಿಡುತ್ತಾಳೆ. ಅವಳದು ತಪ್ಪು ಎಂದು ನಾನು ಹೇಳುವುದಿಲ್ಲ.

ಹೊರಗೆ ಬಂದಾಗ ಬಿಸಿಲು ಏರಿತ್ತು. ದೊಡ್ಡವ್ವ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ನನ್ನ ಮುಂದೆ ನಿಂತಳು. ತಪ್ಪಾಯಿತು ಎಂದೆ. ಆಕಳನ್ನು ವಾಪಸ್ಸು ಕರೆತರಲು ಗಾಡಿ ಬೇಕಿದ್ದರೆ ನಾನು ಮಾಡಿಸುತ್ತೇನೆ ಎಂದೆ.

“ಬ್ಯಾಡ್ರಿ ಅಕ್ಕೋರ,” ಎಂದಳು. “ಮತ್ತ ನೋಡಾಕ ಬರ್ತಾರಂತಲ್ಲ. ಅವರು ಬಂದು ಹೋಗತನಾ ಅಲ್ಲೇ ಇರಲಿ. ಈ ಸಲ ಬರೋರು ಹ್ಯಾಂಗ ಬರೀತಾರೋ.”

ಅವಳು ಟಂಟಂ ನಿಲ್ಲುವ ಕಡೆ ನಡೆದಳು. ಹುಡುಗಿ ಎರಡು ಹೆಜ್ಜೆ ಹೋದವಳು ತಿರುಗಿ ನನ್ನ ಹತ್ತಿರ ಬಂದಳು.

“ಅಕ್ಕೋರ, ಸಾಹೇಬ್ರು ಓದಿದ್ರಲ್ಲ, ಸ್ಕ್ವಾಲಿಡ್ ಅಂತ. ಹಂಗಂದ್ರ ಏನ್ರಿ?”

ಒಂದು ಸಲ ಕೇಳಿದ್ದನ್ನು ಸ್ಪಷ್ಟವಾಗಿ, ಒತ್ತು ತಪ್ಪದೆ ಹೇಳಿದಳು. ನನ್ನ ಹತ್ತನೇ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಹಾಗೆ ಹೇಳಲು ಬರುವುದಿಲ್ಲ. ಬಡತನ ಎಂದು ಹೇಳಿಬಿಡಬಹುದಿತ್ತು. ಅವಳ ವಯಸ್ಸಿಗೆ ಅಷ್ಟು ಸಾಕಿತ್ತು. ಆದರೆ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು, ಇನ್ನು ನಾಲ್ಕು ವರ್ಷಕ್ಕೆ ಅವಳೇ ನಿಘಂಟು ತೆಗೆದು ನೋಡುತ್ತಾಳೆ ಎಂಬುದೂ ಗೊತ್ತಿತ್ತು.

“ಹೊಲಸು ಅಂತ,” ಎಂದೆ. “ಖರೆ ಅಲ್ಲ ಅದು. ನಾ ತಪ್ಪ ಬರದೀನಿ.”

ಎರಡನೆಯ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ. ಅವಳು ಬಗ್ಗಿ ಮೊದಲು ತನ್ನ ಕಾಲು ನೋಡಿಕೊಂಡಳು, ಆಮೇಲೆ ಕೈಗಳನ್ನು ಮಗುಚಿ ನೋಡಿಕೊಂಡಳು. ಆಮೇಲೆ ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕಾಣುವಂತೆ ಬಿಡಿಸಿ ತೋರಿಸಿದಳು.

“ಇದು ಹೊಸಾದದ್ರಿ ಅಕ್ಕೋರ,” ಎಂದಳು.